ಬೇರೆ ಡ್ರಮ್ಮರ್‌ಗೆ ಹೇಳಿದ ಮಾತು

ಹೆಡ್‌ಫೋನಿನಲ್ಲಿ ಅವನ ದನಿ ಕೇಳಿದ್ದೇ ತಡ, ನನ್ನ ಕೈಯಲ್ಲಿದ್ದ ಕೋಲು ಜಾರಿ ನೆಲಕ್ಕೆ ಬಿತ್ತು. ವೇದಿಕೆಯ ಮೇಲೆ ಕರೆಂಟ್ ಹೋದಾಗಲೂ, ಒಂದು ಸಲ ಪಕ್ಕದ ಸ್ಪೀಕರ್‌ನಿಂದ ಹೊಗೆ ಎದ್ದಾಗಲೂ ಕೋಲು ಕೈಬಿಟ್ಟವಳಲ್ಲ ನಾನು. ಡ್ರಮ್ಸ್ ಹೊಡೆಯುವವಳ ಕೈಯಿಂದ ಕೋಲು ಬೀಳುವುದೆಂದರೆ ಹಾಡುವವನ ಬಾಯಿಂದ ಹಲ್ಲು ಬಿದ್ದ ಹಾಗೆ.

ಗಾಜಿನ ಆಚೆ ಕೂತಿದ್ದ ಸೌಂಡ್ ಇಂಜಿನಿಯರ್ ಮೈಕಿನಲ್ಲಿ ಕೇಳಿದ. "ಏನಾಯ್ತು ಮೇಡಂ? ವಾಲ್ಯೂಮ್ ಜಾಸ್ತಿ ಆಯ್ತಾ?"

"ಇಲ್ಲ. ಇದು ಯಾರ ಹಾಡು?"

"ಹೆಸರು ಹೇಳೋ ಹಾಗಿಲ್ಲ ಅಂದಿದಾರೆ ಕಂಪನಿಯವರು. ಸೋಲೋ ಆಲ್ಬಮ್ ಅಂತೆ. ಗುಟ್ಟಾಗಿ ಮಾಡ್ತಿದಾರೆ."

ಹೆಸರು ಹೇಳುವ ಅಗತ್ಯವೇ ಇರಲಿಲ್ಲ. ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ಆ ದನಿ ಯಾರದೆಂದು ಹೇಳಿಯೇನು. ಅವನು ನಮ್ಮ ಬ್ಯಾಂಡಿನ ಗಿಟಾರಿಸ್ಟ್.

ನಮ್ಮ ಬ್ಯಾಂಡ್ ಎಂದರೆ ಮೂರೇ ಜನ. ಅಣ್ಣ ಹಾಡುತ್ತಾನೆ, ಬೇಸ್ ಗಿಟಾರ್ ನುಡಿಸುತ್ತಾನೆ, ಎಲ್ಲರ ಮೇಲೂ ರೇಗುತ್ತಾನೆ. ನಾನು ಡ್ರಮ್ಸ್. ನನ್ನ ಎಡಗಡೆ ನಿಂತು ಗಿಟಾರ್ ನುಡಿಸುವವನು ಇವನು. ಅಣ್ಣ ನನಗೆ ಗುಡುಗು ಎಂದು ಹೆಸರಿಟ್ಟ, ಇವನಿಗೆ ಮೌನಿ ಎಂದು. ಕಾಫಿ ಬೇಕಾ ಅಂದರೆ ತಲೆ ಆಡಿಸುತ್ತಾನೆ, ಸಕ್ಕರೆ ಬೇಕಾ ಅಂದರೆ ಅದಕ್ಕೂ ತಲೆ ಆಡಿಸುತ್ತಾನೆ. ಬೇಕೆಂದೋ ಬೇಡವೆಂದೋ ನಾವೇ ಊಹಿಸಿಕೊಳ್ಳಬೇಕು. ಅಂಥವನನ್ನು ನಾನು ಎಷ್ಟೋ ವರ್ಷಗಳಿಂದ ಕದ್ದು ಕದ್ದು ಪ್ರೀತಿಸುತ್ತಿದ್ದೆ. ಬಾಯಿ ಬಿಟ್ಟು ಹೇಳಲಿಲ್ಲ. ಅವನು ತಲೆ ಆಡಿಸಿದರೆ ಏನೆಂದು ತಿಳಿಯುವುದು?

ಇನ್ನೊಂದು ವಾರದಲ್ಲಿ ಬ್ಯಾಂಡಿನ ಟೂರ್ ಶುರುವಾಗುವುದಿತ್ತು. ಇಂಥ ಬಿಡುವಿನಲ್ಲಿ ನಾವೆಲ್ಲ ಕಂಡವರ ಹಾಡಿಗೆ ಹೋಗಿ ನುಡಿಸಿ ಬರುತ್ತೇವೆ. ಆ ದಿನ ಬೆಳಗ್ಗೆ ಈ ಸ್ಟುಡಿಯೋದಿಂದ ಫೋನ್ ಬಂದಿತ್ತು. ಗೊತ್ತುಮಾಡಿದ್ದ ಡ್ರಮ್ಮರ್ ಬಚ್ಚಲಲ್ಲಿ ಜಾರಿ ಮಣಿಕಟ್ಟು ಉಳುಕಿಸಿಕೊಂಡಿದ್ದಾರೆ, ದಯವಿಟ್ಟು ಬನ್ನಿ ಅಂದರು. ಯಾರ ಹಾಡು ಎಂದು ನಾನೂ ಕೇಳಲಿಲ್ಲ. ಕೋಲು ಚೀಲಕ್ಕೆ ಹಾಕಿಕೊಂಡು ಬಂದೆ.

ಬಂದು ಕೂತರೆ ಕಿವಿಯಲ್ಲಿ ಮೌನಿ.

ಡ್ರಮ್ಸ್ ರೆಕಾರ್ಡ್ ಮಾಡುವ ಮೊದಲು ಹಾಡಿದವರು ಮನೆಯಲ್ಲೇ ಕೂತು ಹಾಡಿನ ಕಚ್ಚಾ ರೂಪವೊಂದನ್ನು ಮಾಡಿ ಕಳಿಸುತ್ತಾರೆ. ಅದಕ್ಕೆ ಗೈಡ್ ಅನ್ನುತ್ತೇವೆ. ಇಲ್ಲಿ ನಿಧಾನ, ಇಲ್ಲಿ ಜೋರು ಎಂದು ನಡುನಡುವೆ ಮಾತಲ್ಲೇ ಹೇಳಿರುತ್ತಾರೆ. ಅದನ್ನು ಕೇಳುತ್ತಾ ಡ್ರಮ್ಮರ್ ನುಡಿಸುತ್ತಾರೆ. ಕೆಲಸ ಮುಗಿದ ಮೇಲೆ ಗೈಡನ್ನು ಅಳಿಸಿಹಾಕುತ್ತಾರೆ. ಡ್ರಮ್ಮರ್, ಇಂಜಿನಿಯರ್ ಬಿಟ್ಟು ಬೇರೆ ಯಾರ ಕಿವಿಗೂ ಅದು ಬೀಳುವುದಿಲ್ಲ. ಹಾಗಾಗಿ ಅದರಲ್ಲಿ ಜನ ಸ್ವಲ್ಪ ಧಾರಾಳವಾಗಿಯೇ ಮಾತಾಡುತ್ತಾರೆ.

ಕೋಲು ಎತ್ತಿಕೊಂಡೆ. ನಮಗೆ ಹೇಳದೆ ಸೋಲೋ ಆಲ್ಬಮ್ ಮಾಡುತ್ತಿದ್ದಾನೆ ಅಂದರೆ ಬ್ಯಾಂಡ್ ಬಿಡುತ್ತಿದ್ದಾನೆ ಎಂದೇ ಅರ್ಥ. ಮೊನ್ನೆ ತಾನೇ ಪ್ರಾಕ್ಟೀಸ್ ಮುಗಿಸಿ ನನ್ನ ಹಿತ್ತಾಳೆಯ ಸಿಂಬಲ್ ತಟ್ಟೆಗಳ ಸ್ಟ್ಯಾಂಡನ್ನು ಅವನೇ ವ್ಯಾನಿಗೆ ಹೊತ್ತು ಹಾಕಿದ್ದ. ಒಂದು ಮಾತಿಲ್ಲ, ಒಂದು ಸುಳಿವಿಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಾಜೂಕಾಗಿ ಹೊರಡುವ ತಯಾರಿ ಮಾಡಿದ್ದ ನಮ್ಮ ಮೌನಿ.

"ಹಾಕಿ," ಅಂದೆ ಇಂಜಿನಿಯರ್‌ಗೆ. ಇವನ ಹಾಡಿಗೆ ಹೊಡೆಯುವುದೇನು, ಇವನ ತಲೆಗೇ ಹೊಡೆಯಬೇಕು ಅನ್ನಿಸುತ್ತಿತ್ತು.

ಹಾಡು ಶುರುವಾಯಿತು. ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ಸಿಟ್ಟಿಗೆ ದಾರಿ ತಪ್ಪಿತು. ಹಾಡು ಚೆನ್ನಾಗಿತ್ತು. ನಾವು ಇಷ್ಟು ವರ್ಷ ನುಡಿಸಿದ ಯಾವ ಹಾಡಿಗಿಂತಲೂ ಚೆನ್ನಾಗಿತ್ತು. ಇಂಥದ್ದನ್ನು ಒಳಗಿಟ್ಟುಕೊಂಡು ಅಣ್ಣನ ಹಿಂದೆ ಸುಮ್ಮನೆ ಗಿಟಾರ್ ಕೆರೆಯುತ್ತಿದ್ದನಾ ಇವನು?

ಅಷ್ಟರಲ್ಲಿ ಅವನು ಹಾಡು ನಿಲ್ಲಿಸಿ ಮಾತಾಡಿದ.

"ಸರ್, ಇಲ್ಲಿ ಸ್ವಲ್ಪ ತಡೆದು ಬನ್ನಿ. ನಮ್ಮ ಬ್ಯಾಂಡಲ್ಲಿ ಒಬ್ಳಿದಾಳೆ. ಇಂಥ ಜಾಗದಲ್ಲಿ ಅವಳು ಕೂದಲೆಳೆಯಷ್ಟು ಲೇಟಾಗಿ ಹೊಡೀತಾಳೆ. ತಪ್ಪಲ್ಲ ಅದು. ಮೊದ್ಲು ತಲೆ ಎತ್ತಿ ನನ್ನ ನೋಡ್ತಾಳೆ, ಆಮೇಲೆ ಹೊಡೀತಾಳೆ. ಆ ನೋಡೋಷ್ಟು ಹೊತ್ತು ಬಿಟ್ಟು ಹೊಡೀರಿ. ಇಲ್ದಿದ್ರೆ ನಂಗೆ ಮುಂದಿನ ಸಾಲು ಹಾಡೋಕೆ ಬರಲ್ಲ."

ನಾನು ಹೊಡೆಯುವುದನ್ನೇ ಮರೆತು ಕೂತೆ.

ನೋಡುತ್ತೇನೆಯೇ? ನಾನು? ಅಣ್ಣ ಯಾವಾಗಲೂ ಬೈಯುತ್ತಿದ್ದ, ಅಲ್ಲಿ ಎಳೀತೀಯ ನೀನು, ನಿಂಗೆ ಟೈಮಿಂಗ್ ಇಲ್ಲ ಎಂದು. ನಾನೂ ಹೌದೇನೋ ಎಂದುಕೊಂಡು ಮನೆಯಲ್ಲಿ ದಿಂಬಿನ ಮೇಲೆ ಹೊಡೆದು ಹೊಡೆದು ಅಭ್ಯಾಸ ಮಾಡುತ್ತಿದ್ದೆ. ಮನೆಯಲ್ಲಿ ಸರಿಯಾಗಿ ಬರುತ್ತಿತ್ತು, ವೇದಿಕೆಯ ಮೇಲೆ ಮಾತ್ರ ತಪ್ಪುತ್ತಿತ್ತು. ಮನೆಯಲ್ಲಿ ನೋಡಲು ಅವನಿರಲಿಲ್ಲವಲ್ಲ.

ಇಂಜಿನಿಯರ್ ಹಾಡು ನಿಲ್ಲಿಸಿ ನಕ್ಕ. "ಇವ್ರು ಹೀಗೇ ಮೇಡಂ. ಎಲ್ಲಾ ಹಾಡಲ್ಲೂ ಆ ಹುಡುಗಿ ಪುರಾಣ. ಪಾಪ, ಆ ಯಮ್ಮನಿಗೆ ಗೊತ್ತಿದ್ಯೋ ಇಲ್ವೋ."

"ಗೊತ್ತಿರಲ್ಲ ಬಿಡಿ," ಅಂದೆ. ನನ್ನ ದನಿ ನನಗೇ ಯಾರದೋ ಅನ್ನಿಸಿತು. "ಮುಂದಿನದು ಹಾಕಿ."

ಮುಂದಿನ ಹಾಡು ಅಬ್ಬರದ್ದು. ಅವನ ಸೂಚನೆ ಹಾಡಿನ ಮೊದಲೇ ಬಂತು.

"ಸರ್, ಇದಕ್ಕೆ ಸಿಟ್ಟು ಬೇಕು. ಅಂಥಿಂಥ ಸಿಟ್ಟಲ್ಲ. ಅವಳ ಅಣ್ಣ ಅವಳಿಗೆ 'ಮೆಲ್ಲಗೆ ಹೊಡಿ' ಅಂದಾಗ ಬರೋ ಸಿಟ್ಟು. ಆಗ ಅವಳು ಕೆಳಗಿನ ತುಟಿ ಕಚ್ಕೋತಾಳೆ, ಕಿವಿ ಕೆಂಪಾಗುತ್ತೆ, ಆಮೇಲೆ ಮೆಲ್ಲಗೇ ಹೊಡೀತಾಳೆ. ಆದ್ರೆ ಆ ಮೆಲ್ಲಗೆ ಹೊಡೆಯೋದ್ರಲ್ಲೇ ಗೋಡೆ ನಡುಗುತ್ತೆ." ಸ್ವಲ್ಪ ತಡೆದ. "ನೀವು ತುಟಿ ಕಚ್ಕೊಳ್ಳೋದು ಬೇಡ ಸರ್."

ನನ್ನ ಕೆಳತುಟಿ ಆಗಲೇ ಹಲ್ಲಿನ ನಡುವೆ ಇತ್ತು. ಗಾಜಿನಲ್ಲಿ ನನ್ನ ಮುಖ ಕಾಣುತ್ತಿತ್ತು. ಕಿವಿಯೂ ಕೆಂಪಾಗಿತ್ತು. ಕಳ್ಳಿ ಸಿಕ್ಕಿಬಿದ್ದ ಹಾಗೆ ಗಡಬಡಿಸಿ ಕೂದಲು ಬಿಚ್ಚಿ ಕಿವಿ ಮುಚ್ಚಿಕೊಂಡೆ.

ಆ ಹಾಡನ್ನು ಒಂದೇ ಏಟಿಗೆ ನುಡಿಸಿದೆ. ಇಂಜಿನಿಯರ್ ಕುರ್ಚಿಯಿಂದ ಎದ್ದು ನಿಂತು ಕೇಳಿಸಿಕೊಂಡ. "ಮೇಡಂ, ಅವರು ಹೇಳಿದ ಹುಡುಗಿ ಬಂದು ಹೊಡೆದ ಹಾಗೇ ಇತ್ತು," ಅಂದ. ಏನು ಹೇಳಲಿ ಆ ಪುಣ್ಯಾತ್ಮನಿಗೆ.

ಕೊನೆಯ ಹಾಡು ನಿಧಾನದ್ದು. ಗಿಟಾರ್ ಒಂದೇ ಒಂದು ಸುತ್ತು ಬಂದು ನಿಂತಿತು. ಉಸಿರು ಕೇಳಿಸಿತು. ಹಿಂದೆಲ್ಲೋ ಅಡುಗೆಮನೆಯ ಮಿಕ್ಸಿ ತಿರುಗುವ ಸದ್ದು, ಮನೆಯಲ್ಲೇ ರೆಕಾರ್ಡ್ ಮಾಡಿದ್ದಲ್ಲವೇ.

"ಸರ್, ಈ ಹಾಡಿಗೆ ಏನು ಹೊಡೀಬೇಕೋ ನಂಗೆ ಗೊತ್ತಿಲ್ಲ. ಅವಳಿಗೆ ಗೊತ್ತಿರ್ತಿತ್ತು. ನಾನು ಕಂಪನಿಯವರಿಗೆ ಅವಳೇ ಬೇಕು ಅಂದೆ, ಅವರು ನಮ್ಮ ಡ್ರಮ್ಮರ್ ಇದಾರೆ ಅಂದ್ರು. ನಿಮ್ಮನ್ನ ಬೈತಿಲ್ಲ ಸರ್. ಆದ್ರೆ ಇದು ಅವಳ ಹಾಡು."

ಆಗ ಗೈಡಿನೊಳಗೆ ಬಾಗಿಲು ತೆರೆದ ಸದ್ದಾಯಿತು. ಹೆಂಗಸಿನ ದನಿ. ಅವನ ಅಮ್ಮ.

"ಯಾರ ಹತ್ರ ಮಾತಾಡ್ತಿದ್ದೀಯೋ?"

"ಡ್ರಮ್ಮರ್ ಹತ್ರ ಅಮ್ಮ."

"ಯಾವ ಡ್ರಮ್ಮರ್? ರೂಮಲ್ಲಿ ನರಪಿಳ್ಳೆ ಇಲ್ಲ."

"ಆಮೇಲೆ ಕೇಳಿಸ್ಕೋತಾರೆ. ಅವಳಲ್ಲ, ಇದು ಬೇರೆ ಡ್ರಮ್ಮರ್."

"ಅವಳಿಗೆ ಹೇಳೋ ಮಾತನ್ನ ಬೇರೆಯವರಿಗೆ ಯಾಕೋ ಹೇಳ್ತೀಯ? ಅವಳನ್ನ ಮದುವೆ ಆಗ್ತೀನಿ ಅಂತ ನಂಗೆ ಹೇಳ್ತೀಯ, ನಿಮ್ಮಕ್ಕನಿಗೆ ಹೇಳ್ತೀಯ, ಈಗ ಗುರುತು ಪರಿಚಯ ಇಲ್ದೋನಿಗೂ ಹೇಳ್ತಿದ್ದೀಯ. ಆ ಹುಡುಗಿ ಒಬ್ಳಿಗೆ ಬಿಟ್ಟು ಊರಿಗೆಲ್ಲ ಡಂಗುರ ಆಯ್ತು."

"ಹೇಳ್ತೀನಮ್ಮ. ಮೊದ್ಲು ಬ್ಯಾಂಡ್ ಬಿಡಬೇಕು. ಆಮೇಲೆ ಹೇಳ್ತೀನಿ."

"ನಿನ್ನ ಆಮೇಲೆಗೆ ಬೆಂಕಿ ಹಾಕ. ಬಾ, ಚಟ್ನಿ ರುಬ್ಬಿಯಾಯ್ತು, ತಿಂದ್ಕೊಂಡು ಹೇಳು ನಿನ್ನ ಡ್ರಮ್ಮರ್‌ಗೆ."

ಕುರ್ಚಿ ಸರಿದ ಸದ್ದು. ಆಮೇಲೆ ಖಾಲಿ ಕೋಣೆ. ಅವನು ಎದ್ದು ಹೋಗಿದ್ದ, ರೆಕಾರ್ಡಿಂಗ್ ನಿಲ್ಲಿಸಿರಲಿಲ್ಲ. ಕತ್ತರಿಸದೆ ಹಾಗೇ ಕಳಿಸಿದ್ದ.

ಇಂಜಿನಿಯರ್ ಈ ಸಲ ನಗಲಿಲ್ಲ. ಗಾಜಿನ ಆಚೆಯಿಂದ ನನ್ನನ್ನು ನೋಡಿದ. ನನ್ನ ಬಿಚ್ಚಿದ ಕೂದಲು, ತುಟಿ, ಕಣ್ಣು ಎಲ್ಲವನ್ನೂ ನೋಡಿದ. ಅವನ ಬಾಯಿ ನಿಧಾನವಾಗಿ ತೆರೆದುಕೊಂಡಿತು.

"ಮೇಡಂ," ಅಂದ. "ನೀವಾ?"

ನಾನು ಉತ್ತರ ಕೊಡಬೇಕೆಂದುಕೊಂಡೆ. ಅಷ್ಟರಲ್ಲಿ ಅವನ ಹಿಂದಿನ ಬಾಗಿಲು ತೆರೆಯಿತು. ಬೆನ್ನಿಗೆ ಗಿಟಾರ್ ಚೀಲ, ಒಂದು ಕೈಯಲ್ಲಿ ಕಾಫಿ ಲೋಟ. ಮೌನಿ ಒಳಗೆ ಬಂದು, "ಡ್ರಮ್ಮರ್ ಸರ್ ಹೇಗಿದಾರೆ?" ಎಂದು ಕೇಳಿ ಗಾಜಿನ ಕಡೆ ತಿರುಗಿದ.

ಕಾಫಿ ಚೆಲ್ಲಿತು. ಅವನ ಅಂಗಿ, ಇಂಜಿನಿಯರ್‌ನ ಹೆಗಲು, ನೆಲ, ಎಲ್ಲಕ್ಕೂ ಸಮನಾಗಿ ಚೆಲ್ಲಿತು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

"ಇವ್ಳು ಇಲ್ಲಿ... ಆ ಸರ್ ಎಲ್ಲಿ?" ಎಂದು ಇಂಜಿನಿಯರ್‌ನನ್ನು ಕೇಳಿದ.

"ಬಚ್ಚಲಲ್ಲಿ ಬಿದ್ರು."

"ಗೈಡ್ ಹಾಕಿದ್ರಾ?"

"ಹಾಕಿದೆ."

"ಎಷ್ಟು?"

"ಚಟ್ನಿ ತನಕ," ಅಂದ ಇಂಜಿನಿಯರ್.

ಮೌನಿ ಬಾಗಿಲ ಕಡೆ ತಿರುಗಿದ. ಓಡಿಹೋಗುತ್ತಾನೆ ಎಂದು ಗೊತ್ತಾಯಿತು. ನಾನು ಎದ್ದು, ಒಂದು ಸಿಂಬಲ್ ಉರುಳಿಸಿಕೊಂಡು, ಈಚೆ ಬಂದು ಅವನ ಗಿಟಾರ್ ಚೀಲದ ಪಟ್ಟಿ ಹಿಡಿದೆ. ಇಂಜಿನಿಯರ್ ಹೆಗಲು ಒರೆಸಿಕೊಳ್ಳುವ ನೆಪದಲ್ಲಿ ಹೊರಗೆ ಹೋದ.

"ಬ್ಯಾಂಡ್ ಬಿಡ್ತಿದ್ದೀಯಾ?"

ಅವನು ತಲೆ ಆಡಿಸಿದ.

"ಬಾಯಲ್ಲಿ ಹೇಳು. ಗುರುತಿಲ್ಲದ ಸರ್ ಹತ್ರ ಅಷ್ಟುದ್ದ ಮಾತಾಡ್ತೀಯಲ್ಲ."

"ಬಿಡ್ತಿದ್ದೀನಿ. ಈ ಟೂರ್ ಆದ್ಮೇಲೆ. ಕಂಪನಿಯವರು ಇಡೀ ವರ್ಷ ಸೋಲೋ ಶೋ ಇಟ್ಟಿದಾರೆ. ಎರಡೂ ಒಟ್ಟಿಗೆ ಆಗಲ್ಲ."

"ನಮಗೆ ಹೇಳ್ಬೇಕು ಅನ್ನಿಸ್ಲಿಲ್ವಾ?"

"ದಿನಾ ಅನ್ನಿಸ್ತಿತ್ತು." ಅವನ ಕಣ್ಣು ನೆಲದ ಮೇಲಿನ ಕಾಫಿಯಲ್ಲಿತ್ತು. "ಆಡಿಷನ್‌ಗೆ ಬಂದ ದಿನ ನಾನು ಬಾಗಿಲಾಚೆ ನಿಂತಿದ್ದೆ. ಒಳಗೆ ನಿಮ್ಮಣ್ಣ ಹಳೇ ಗಿಟಾರಿಸ್ಟನ್ನ ಓಡಿಸ್ತಿದ್ರು. ನನ್ನ ತಂಗಿ ಮೇಲೆ ಕಣ್ಣು ಹಾಕೋನಿಗೆ ನನ್ನ ಬ್ಯಾಂಡಲ್ಲಿ ಜಾಗ ಇಲ್ಲ ಅಂದ್ರು. ಆಮೇಲೆ ನಾನು ಒಳಗೆ ಬಂದೆ. ನೀನು ಕೂತಿದ್ದೆ. ಅವತ್ತೇ ಕಣ್ಣು ಹಾಕಿದೆ. ಜಾಗ ಇಲ್ದೇನೇ ಇಷ್ಟು ದಿನ ಇದ್ದೆ."

ಗುಡುಗು ಎಂದು ಹೆಸರು ಪಡೆದವಳು ಬಾಯಿ ಕಟ್ಟಿ ನಿಂತಿದ್ದೆ, ಮೌನಿಯ ಮಾತು ಹರಿಯುತ್ತಿತ್ತು.

"ಹಾಗಾಗಿ ಮೊದ್ಲು ಬಿಡೋಣ, ಆಮೇಲೆ ಕೇಳೋಣ ಅಂದ್ಕೊಂಡೆ. ಉಂಡ ಮನೆಗೆ ಎರಡು ಬಗೆಯೋದು ಬೇಡ ಅಂತ."

ಅಯ್ಯೋ ನನ್ನ ಕರ್ಮವೇ ಅನ್ನಿಸಿತು. ಫೋನ್ ತೆಗೆದು ಅಣ್ಣನಿಗೆ ಮಾಡಿದೆ. "ಸ್ಟುಡಿಯೋಗೆ ಬಾ. ಈಗ್ಲೇ." ಅಷ್ಟೇ ಹೇಳಿ ಇಟ್ಟೆ. ಮೌನಿ ಗೋಡೆಗೆ ಒರಗಿದ, ಗಲ್ಲಿಗೆ ಹಾಕುವ ಮುನ್ನ ನಿಂತವನ ಹಾಗೆ.

"ಆ ಕೊನೇ ಹಾಡಿಗೆ ಏನೂ ಹೊಡೀಬಾರ್ದು," ಅಂದೆ, ಕಾಯುವಾಗ ಏನಾದರೂ ಮಾತಾಡಬೇಕಲ್ಲ. "ಡ್ರಮ್ಸೇ ಬೇಡ ಅದಕ್ಕೆ. ನೀನೊಬ್ಬನೇ ಹಾಡು."

ಅವನು ಮುಖ ಎತ್ತಿದ. ಹಾಡಿನ ವಿಷಯ ಬಂದಾಗ ಅವನ ಕಣ್ಣು ಭಯವನ್ನೂ ಮರೆಯುತ್ತಿತ್ತು. "ಹೌದಲ್ಲ," ಅಂದ. "ಹೌದು. ಏನೂ ಬೇಡ."

ಅಣ್ಣ ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ಏದುಸಿರು ಬಿಡುತ್ತಾ ಬಂದ. ನನಗೇನೋ ಆಗಿದೆ ಎಂದು ಹೆದರಿಕೊಂಡಿದ್ದ. ಇಬ್ಬರನ್ನೂ ನೋಡಿ, ನೆಲದ ಕಾಫಿ ನೋಡಿ, "ಯಾರು ಹೊಡ್ದಾಡ್ಕೊಂಡ್ರಿ?" ಅಂದ.

ನಾನೇ ಹೇಳಿದೆ. ಆಲ್ಬಮ್, ಗೈಡ್, ಬಾಗಿಲಾಚೆ ಕೇಳಿಸಿಕೊಂಡ ಮಾತು, ಯಾವುದನ್ನೂ ಬಿಡಲಿಲ್ಲ. ಮದುವೆಯ ಮಾತು ಬಂದಾಗ ನನ್ನ ನಾಲಿಗೆ ತಡವರಿಸಿತು. ಅಣ್ಣ ಇಂಜಿನಿಯರ್‌ನ ಕುರ್ಚಿಯಲ್ಲಿ ಕುಸಿದು ಕೂತ.

"ಲೋ, ಆ ಮಾತು ನಾನು ಹೇಳಿದ್ದು ಆ ಪೋಲಿಗೆ. ಇವಳಿಗೂ ಇನ್ನಿಬ್ಬರು ಹುಡುಗೀರಿಗೂ ಒಂದೇ ಮೆಸೇಜ್ ಕಳಿಸ್ತಿದ್ದ ಆ ನನ್ನಮಗ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ಯಲ್ಲೋ ನೀನು."

ಇಷ್ಟು ವರ್ಷ ಮೌನಿ ಹೊತ್ತು ತಿರುಗಿದ ಕಾನೂನು ಅವನಿಗಾಗಿ ಮಾಡಿದ್ದೇ ಅಲ್ಲ. ಅವನ ಮುಖ ನೋಡಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಹಾಗಾದ್ರೆ..." ಅಂದ. "ಹಾಗಾದ್ರೆ ನಾನು ಯಾಕೆ ಬಿಡ್ಬೇಕು? ಬಿಡಲ್ಲ. ಕಂಪನಿಗೆ ಇವತ್ತೇ ಬೇಡ ಅಂತೀನಿ. ಇನ್ನೂ ಸೈನ್ ಹಾಕಿಲ್ಲ."

"ಅದು ಮಾತು," ಎಂದು ಅಣ್ಣ ಎದ್ದು ಅವನ ಬೆನ್ನು ತಟ್ಟಿದ. ಇಬ್ಬರೂ ಸಂತೋಷದಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡರು. ಮದುವೆ ಗಂಡು ಅಣ್ಣನೋ ಮೌನಿಯೋ ಎಂದು ಅನುಮಾನ ಬರುವ ಹಾಗಿತ್ತು.

"ನನ್ನ ಯಾರಾದ್ರೂ ಕೇಳಿದ್ರಾ?" ಅಂದೆ.

ಇಬ್ಬರೂ ತಿರುಗಿದರು. ಅಣ್ಣ ಹುಬ್ಬು ಏರಿಸಿದ. "ನೀನು ಇವಳನ್ನ ಕೇಳಿಲ್ವೇನೋ?"

"ಇಲ್ಲ."

"ನಿಮ್ಮಮ್ಮನಿಗೆ ಗೊತ್ತು, ಇಂಜಿನಿಯರ್‌ಗೆ ಗೊತ್ತು, ನಂಗೂ ಗೊತ್ತಾಯ್ತು. ಕೇಳೋ ಮಾರಾಯ."

ಮೌನಿ ನನ್ನ ಮುಂದೆ ಬಂದು ನಿಂತ. ಅಂಗಿಯ ಮೇಲಿನ ಕಾಫಿ ಇನ್ನೂ ಆರಿರಲಿಲ್ಲ.

"ನಿಂಗೆ ನಾನು ಇಷ್ಟಾನಾ?"

"ಹೂಂ," ಅಂದೆ.

ಅಷ್ಟು ಬೇಗ ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ. ಸ್ವಲ್ಪ ಆಟ ಆಡಿಸಬೇಕು, ಬಿಂಕ ಮಾಡಬೇಕು ಎಂದೆಲ್ಲ ಇತ್ತು. ಬಾಯಿ ನನ್ನ ಮಾತು ಕೇಳಲಿಲ್ಲ. "ಬಹಳ ದಿನದಿಂದ," ಎಂದೂ ಸೇರಿಸಿತು.

ಅವನು ಅಲ್ಲೇ ನೆಲದ ಮೇಲೆ, ಕಾಫಿಯ ನಡುವೆಯೇ ಕೂತುಬಿಟ್ಟ. ಅಣ್ಣ ನಗತೊಡಗಿದ. ನಾನು ಕೂಡ ನಗಬಹುದಿತ್ತು. ಎಲ್ಲ ಬಗೆಹರಿದಿತ್ತು. ಟೂರ್, ಬ್ಯಾಂಡ್, ನಾನು, ಅವನು, ಎಲ್ಲರೂ ಇದ್ದಲ್ಲೇ ಇರಬಹುದಿತ್ತು. ಆದರೆ ಕಿವಿಯಲ್ಲಿ ಆ ಮೊದಲ ಹಾಡು ಇನ್ನೂ ಇತ್ತು.

"ಆದ್ರೆ ನೀನು ಬ್ಯಾಂಡ್ ಬಿಡ್ಬೇಕು," ಅಂದೆ.

ಅಣ್ಣನ ನಗು ನಿಂತಿತು. "ಏನಂದೆ?"

"ಅವನ ಹಾಡು ಕೇಳು ನೀನು ಮೊದ್ಲು."

ಹೊರಗಿದ್ದ ಇಂಜಿನಿಯರ್‌ನನ್ನು ಕರೆದು ಆ ಹಾಡು ಹಾಕಿಸಿದೆ. ಅಣ್ಣ ಮೊದಲು ಕೈಕಟ್ಟಿ ಕೇಳಿದ. ಆಮೇಲೆ ಕಟ್ಟಿದ ಕೈ ಸಡಿಲಿಸಿದ. ನಮ್ಮ ಬ್ಯಾಂಡಿನ ಎಲ್ಲ ಹಾಡು ಬರೆದವನು ಅವನು. ನನಗೆ ಅವನನ್ನು ನೋಡಲಾಗಲಿಲ್ಲ.

"ಚೆನ್ನಾಗಿದೆ," ಅಂದ ಅಣ್ಣ. ಆಮೇಲೆ ನಿಧಾನವಾಗಿ, "ನಾನು ಇಂಥದ್ದೊಂದು ಬರೆದಿಲ್ಲ," ಅಂದ.

"ನಂಗೆ ಆಲ್ಬಮ್ ಬೇಡ," ಅಂದ ಮೌನಿ. "ಸುಮ್ನೆ ಬ್ಯಾಂಡ್ ಬಿಡೋ ನೆಪಕ್ಕೆ ಮಾಡಿದ್ದು ಅದು."

"ನೆಪಕ್ಕೆ ಯಾರೂ ಹೀಗೆ ಹಾಡಲ್ಲ ಕಣೋ." ಅಣ್ಣ ಅವನ ತಲೆಗೂದಲು ಒಮ್ಮೆ ಕೆದರಿದ. "ಟೂರ್ ಮುಗಿಸಿ ಹೋಗು. ನನ್ನ ಟೂರ್ ಅರ್ಧಕ್ಕೆ ಕೈಕೊಟ್ರೆ ಮಾತ್ರ ಕಾಲು ಮುರೀತೀನಿ." ಅಷ್ಟು ಹೇಳಿ, ಫೋನ್ ಬಂದವನ ಹಾಗೆ ಜೇಬು ತಡಕುತ್ತಾ ಹೊರಗೆ ಹೋದ. ಫೋನ್ ಬಂದಿರಲಿಲ್ಲ. ಅವನ ಕಣ್ಣು ಒದ್ದೆಯಾದದ್ದನ್ನು ನಾವಿಬ್ಬರೂ ನೋಡಿದ್ದೆವು.

ಮೌನಿ ನನ್ನನ್ನೇ ದಿಟ್ಟಿಸುತ್ತಿದ್ದ. ಸಿಕ್ಕಿದ್ದೆಲ್ಲ ಕ್ಷಣದಲ್ಲಿ ಕೈಜಾರಿತೇ ಎನ್ನುವ ದಿಗಿಲು ಆ ಮುಖದಲ್ಲಿತ್ತು.

"ಈಗ ತಾನೇ ಹೂಂ ಅಂದೆ," ಅಂದ. "ಈಗ್ಲೇ ಹೋಗು ಅಂತೀಯ. ಇಡೀ ವರ್ಷ ಊರೂರು ಅಲೀತೀನಿ ನಾನು. ನೀನು ಇನ್ನೊಂದು ಕಡೆ ಇರ್ತೀಯ. ಇದಕ್ಕಾ ನಾನು ಇಷ್ಟು ದಿನ ಕಾದಿದ್ದು?"

ನನಗೂ ಅದೇ ದಿಗಿಲಿತ್ತು. ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡರೆ ಅವನು ಖುಷಿಯಾಗಿ ಉಳಿಯುತ್ತಿದ್ದ. ಅಣ್ಣನೂ ಖುಷಿಯಾಗಿರುತ್ತಿದ್ದ. ಒಂದಲ್ಲ ಒಂದು ದಿನ ಆ ಹಾಡುಗಳು ಅವನೊಳಗೆ ಸತ್ತುಹೋಗುತ್ತಿದ್ದವು, ಅದಕ್ಕೆ ನಾನೇ ಕಾರಣಳಾಗುತ್ತಿದ್ದೆ. ನಾನು ಅವನ ಎದುರು ಮೊಣಕಾಲೂರಿ ಕೂತೆ. ಅವನ ಕೈ ತಣ್ಣಗಿತ್ತು. ಹಿಡಿದುಕೊಂಡೆ.

"ಬ್ಯಾಂಡ್ ಬಿಡು," ಅಂದೆ. "ನನ್ನ ಬಿಡಬೇಡ."